ಕಡಲಿಲ್ಲದ ನಾಡಿನ ಗುಲಾಮಗಿರಿ ಲೆಕ್ಕ

ಆಫ್ರಿಕದಿಂದ ಗುಲಾಮನಾಗಿ ಬಂದು ದಖ್ಖನ್ನಿನ ಬಹುದೊಡ್ಡ ಸೇನಾನಿಯಾದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. 2026ಕ್ಕೆ ನಾಲ್ಕು ನೂರು ವರ್ಷ. ಜೀತ ಪದ್ಧತಿ ರದ್ದು ಮಾಡಿದ ಕಾಯ್ದೆ 1976ರದು. ಅದಕ್ಕೂ ಇದೇ ವರ್ಷ ಐವತ್ತು. ಅಂಬರನ ಮಾತು ಅವನು ಕಟ್ಟಿದ ಔರಂಗಾಬಾದಿನವರಿಗಿರಲಿ, ಜೀತದ ಮಾತು ಕಾರ್ಮಿಕ ಇಲಾಖೆಗಿರಲಿ ಎಂದು ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ನಾವು ಕೈತೊಳೆದುಕೊಳ್ಳುವಂತಿಲ್ಲ. ಎರಡರಲ್ಲೂ ನಮ್ಮ ಪಾಲಿದೆ.

ಗುಲಾಮರ ವ್ಯಾಪಾರ ಎಂದೊಡನೆ ನೆನಪಾಗುವುದು ಅಟ್ಲಾಂಟಿಕ್ ಸಾಗರ. ಸುಮಾರು 350 ವರ್ಷಗಳಲ್ಲಿ 1.25 ಕೋಟಿ ಆಫ್ರಿಕನ್ನರನ್ನು ಹಡಗಿಗೆ ತುಂಬಿದ ದಂಧೆ ಅದು. ಆ ದುಡ್ಡಿನಿಂದ ಬೆಳೆದ ಲಿವರ್‌ಪೂಲ್ 2007ರಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯ ತೆರೆಯಿತು. 2020ರಲ್ಲಿ ಬ್ರಿಸ್ಟಲ್‌ನ ಜನ ಗುಲಾಮ ವ್ಯಾಪಾರಿ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಎಳೆದು ತಂದು ಬಂದರಿನ ನೀರಿಗೆ ಕೆಡವಿದರು. ಬಂದರು ಊರುಗಳಿಗೆ ಮರೆಯುವುದು ಕಷ್ಟ. ಕಡಲು ಕಾಣದ ನಮಗೆ ಬಲು ಸುಲಭ.

ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ ಅದಕ್ಕಿಂತ ಹಳೆಯದು. ಚೌಲ್, ದಾಭೋಳ, ಗೋವೆಗಳಲ್ಲಿ ಅರಬ್ಬಿ ಕುದುರೆಗಳ ಜೊತೆ ಇಳಿದ ಹಬ್ಶಿಗಳು, ಅಂದರೆ ಆಫ್ರಿಕದವರು, ಘಟ್ಟ ಹತ್ತಿ ನಮ್ಮ ಕಡೆಗೇ ಬಂದರು. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು, ಆಮೇಲೆ ಬೀದರ್. ಅರಮನೆಯ ಕಾವಲು, ಜನಾನಾದ ಚಾಕರಿ, ದಂಡಿನ ಕೆಲಸ ಎಲ್ಲಕ್ಕೂ ಹಬ್ಶಿಗಳು ಬೇಕಾಗಿದ್ದರು. ದಖ್ಖನಿಗಳಿಗೂ ಇರಾನಿನ ಕಡೆಯಿಂದ ಬಂದವರಿಗೂ ಜಗಳ ಹತ್ತಿದಾಗ ಹಬ್ಶಿಗಳು ದಖ್ಖನಿಗಳ ಪಕ್ಷ ಹಿಡಿದರು. 1481ರಲ್ಲಿ ಸುಲ್ತಾನನ ಅಪ್ಪಣೆಯಂತೆ ವಜೀರ ಮಹಮೂದ್ ಗವಾನನ ತಲೆ ಕಡಿದವನು ಜೌಹರ್ ಎಂಬ ಹಬ್ಶಿ ಗುಲಾಮ ಎನ್ನುತ್ತಾನೆ ಇತಿಹಾಸಕಾರ ಫಿರಿಶ್ತಾ.

ಅದೇ ಕಾಲದ ದಸ್ತೂರ್ ದಿನಾರ್ ಎಂಬ ಹಬ್ಶಿ ಕಲಬುರಗಿಯನ್ನೇ ಆಳಿದ. 1495ರಲ್ಲಿ ಬೀದರಿನ ವಿರುದ್ಧ ಬಂಡೆದ್ದು ಸೋತ, ಮತ್ತೆ ಅಧಿಕಾರ ಪಡೆದ, ಕೊನೆಗೆ ಬಿಜಾಪುರದ ಯೂಸುಫ್ ಆದಿಲ್ ಶಾಹನ ಎದುರು ಸತ್ತ. ಕಲಬುರಗಿ ಕೋಟೆ ನೋಡಲು ಹೋದರೆ ತೋಪಿನ ಉದ್ದ ಹೇಳುವವರು ಬೇಕಾದಷ್ಟು ಸಿಗುತ್ತಾರೆ; ದಿನಾರನ ಹೆಸರೆತ್ತುವವರು ಅಪರೂಪ. ಬಿಜಾಪುರದಲ್ಲಿ ಬಾಲಕ ಸುಲ್ತಾನ ಇಬ್ರಾಹಿಮನ ಹೆಸರಿನಲ್ಲಿ 1590ರವರೆಗೆ ಕಾರುಬಾರು ನಡೆಸಿದ ದಿಲಾವರ್ ಖಾನನೂ ಹಬ್ಶಿಯೇ. ಅಂಬರ್ ಕೂಡ ಕೆಲಕಾಲ ಬಿಜಾಪುರದ ಚಾಕರಿ ಮಾಡಿದ್ದ.

ಈ ಸರದಾರರನ್ನು ತೋರಿಸಿ, ‘ನಮ್ಮಲ್ಲಿ ಗುಲಾಮರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು’ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ನಮಗೆ ಅದು ಒಪ್ಪಿಗೆಯಿಲ್ಲ. ಕಬ್ಬಿನ ತೋಟದ ಚಾಟಿ ಇಲ್ಲಿರಲಿಲ್ಲ, ನಿಜ. ಆದರೆ ಬೀಜ ಒಡೆಸಿಕೊಂಡ ಹುಡುಗರು, ಜನಾನಾದಲ್ಲಿ ಸವೆದ ಹೆಂಗಸರು ಯಾವ ತವಾರೀಖಿನಲ್ಲೂ ಹೆಸರು ಪಡೆಯಲಿಲ್ಲ. ಕುದುರೆಯ ಬೆಲೆಯ ಜೊತೆ ತನ್ನ ಬೆಲೆಯನ್ನೂ ಕೇಳಿಸಿಕೊಂಡ ಹುಡುಗ ಮುಂದೆ ವಜೀರನಾದ ಮಾತ್ರಕ್ಕೆ ಆ ಸಂತೆಯ ಪಾಪ ಕಳೆಯುವುದಿಲ್ಲ.

ವಜೀರರಾಗದವರ ಮೊಮ್ಮಕ್ಕಳು ಎಲ್ಲಿದ್ದಾರೆ? ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡವರು ಸೇರಿದಂತೆ ಹಲವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳು. ಉತ್ತರ ಕನ್ನಡದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಇನ್ನು ವಾಡಿಯಲ್ಲಿ ರೈಲು ಹತ್ತಿ ಸೇಡಂ, ತಾಂಡೂರು ಮೇಲೆ ಹೈದರಾಬಾದಿಗೆ ಹೋಗುವ ನಮ್ಮವರಿಗೆ ‘ಎಸಿ ಗಾರ್ಡ್ಸ್’ ಗೊತ್ತಿರುವ ಬಡಾವಣೆಯೇ. ಅದು ನಿಜಾಮರ ಆಫ್ರಿಕನ್ ಅಶ್ವದಳ ಬೀಡುಬಿಟ್ಟಿದ್ದ ಜಾಗ ಎಂಬುದು ಎಷ್ಟು ಮಂದಿಗೆ ಗೊತ್ತೋ!

ಇನ್ನು ಎರಡನೆಯ ಲೆಕ್ಕ. ಹಬ್ಶಿಗಳ ಗುಲಾಮಗಿರಿಗೂ ಜೀತಕ್ಕೂ ವ್ಯತ್ಯಾಸವಿದೆ: ಅಲ್ಲಿ ಹಡಗು, ಇಲ್ಲಿ ಸಾಲ. ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನ ತಾಂಡಾಗಳಿಂದ, ಸೇಡಂ ತಾಲ್ಲೂಕಿನ ಹಳ್ಳಿಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವವರಲ್ಲಿ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದವರು ಇರುತ್ತಾರೆ. ಮುಂಗಡ ಪಡೆಯುವುದೇ ಜೀತವಲ್ಲ. ಅದು ತೀರುವವರೆಗೆ ಬೇರೆ ಕೆಲಸಕ್ಕೆ ಹೋಗಬೇಡ, ಊರಿಗೆ ಹೋಗಬೇಡ ಎಂದು ತಡೆದರೆ ಜೀತ. 1976ರ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಶಹಾಬಾದಿನ ಫರ್ಸಿ ಖಣಿಗಳಿರಲಿ, ಇಟ್ಟಿಗೆ ಭಟ್ಟಿಗಳಿರಲಿ, ಈ ಅಳತೆಗೋಲು ಎಲ್ಲ ಕಡೆಗೂ ಒಂದೇ.

ಕಾಯ್ದೆಯ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಲೇಬೇಕು. ಸೇಡಂ ಉಪವಿಭಾಗದ ಸಮಿತಿ ಎಷ್ಟು ಸಲ ಸಭೆ ಸೇರಿತು, ಯಾವ ಖಣಿಗೆ, ಯಾವ ಭಟ್ಟಿಗೆ ಹೋಗಿ ನೋಡಿತು, ಎಷ್ಟು ಜನರಿಗೆ ಬಿಡುಗಡೆ ಪತ್ರ ಕೊಡಿಸಿತು, ಅವರಲ್ಲಿ ಯಾರಿಗೆ ಪುನರ್ವಸತಿ ಹಣ ಮುಟ್ಟಿತು ಎಂಬುದನ್ನು ಬರುವ ತೊಗರಿ ರಾಶಿ ಮುಗಿದು ಜನ ಗುಳೆ ಹೊರಡುವ ಮುಂಚೆ ಊರೂರಿನ ಪಂಚಾಯಿತಿ ಗೋಡೆಗೆ ಅಂಟಿಸಲಿ.