ಡಾಕ್ಟರಿಗಿಲ್ಲದ ವಯಸ್ಸಿನ ಮಿತಿ ನರ್ಸಿಗೇಕೆ?

ಪ್ಲಾಸ್ಟಿಕ್ ಕವರಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು, ಅವುಗಳ ಹಿಂದೆ ನರ್ಸಿಂಗ್ ಡಿಪ್ಲೊಮಾ ಜಿ.ಎನ್.ಎಂ.ನ ಮೊದಲ ವರ್ಷದ ಮಾರ್ಕ್ಸ್ ಕಾರ್ಡು. ಎರಡನೇ ವರ್ಷದಲ್ಲಿ ಮದುವೆ ಗೊತ್ತಾಗಿ ಓದು ಅಲ್ಲಿಗೇ ನಿಂತಿತ್ತು. ನಾನು ನರ್ಸಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಹೆಂಗಸೊಬ್ಬರು ಈ ಕವರನ್ನು ಅಡ್ಮಿಷನ್ ಕೌಂಟರಿನಲ್ಲಿಟ್ಟು ನಿಂತರು. ಗುಮಾಸ್ತರು ಹುಟ್ಟಿದ ತಾರೀಕು ನೋಡಿ, ಬೆರಳಲ್ಲಿ ಎಣಿಸಿ, "ಮೂವತ್ತೆಂಟಾಯ್ತಲ್ಲಮ್ಮಾ" ಎಂದು ಕವರನ್ನು ಹಿಂದಕ್ಕೆ ಸರಿಸಿದರು. ಉಳಿದ ಕಾಗದಗಳನ್ನು ಬಿಡಿಸಿಯೂ ನೋಡಲಿಲ್ಲ. ಅವರದು ತಪ್ಪೂ ಅಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ನಿಯಮದಂತೆ ಜಿ.ಎನ್.ಎಂ. ಸೇರಲು ವಯಸ್ಸು 17ರಿಂದ 35ರೊಳಗಿರಬೇಕು. ಸಹಾಯಕ ನರ್ಸ್ ಕೋರ್ಸಾದ ಎ.ಎನ್.ಎಂ. ಮುಗಿಸಿದವರಿಗೆ ಮಾತ್ರ ಈ ಮಿತಿ ಅನ್ವಯಿಸುವುದಿಲ್ಲ.

ಕೌಂಟರಿನಿಂದ ಹೊರಬಂದ ಆಕೆ ಅಂದು ರಾತ್ರಿ ಡ್ಯೂಟಿಗೆ ಹೋದರು. ಊರಿನದೇ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆರು ವರ್ಷದಿಂದ ಅವರು 'ಸಿಸ್ಟರ್'. ಕ್ಯಾನುಲಾ ಹಾಕುತ್ತಾರೆ, ಡ್ರಿಪ್ಪಿನ ಹನಿ ಎಣಿಸಿ ಬಿಡುತ್ತಾರೆ, ಬಿ.ಪಿ. ನೋಡಿ ಕೇಸ್‌ಶೀಟಿನಲ್ಲಿ ಬರೆಯುತ್ತಾರೆ. ಸಹಿಯ ಜಾಗದಲ್ಲಿ ಮಾತ್ರ ಬೇರೊಬ್ಬರ ಹೆಸರು. ರೋಗಿಗೆ ಇದೊಂದೂ ತಿಳಿಯದು, ಯೂನಿಫಾರ್ಮು ಒಂದೇ ಬಣ್ಣದ್ದು. ತಿಂಗಳ ಕೊನೆಯಲ್ಲಿ ಆಕೆಯ ಕೈಗೆ ಬರುವುದು ರಿಜಿಸ್ಟರ್ಡ್ ನರ್ಸಿನ ಸಂಬಳದ ಅರ್ಧವೂ ಅಲ್ಲ.

ವಯಸ್ಸಿನ ಮಿತಿಯ ಪರವಾಗಿ ಮಾತಾಡುವವರು ಈ ರಾತ್ರಿಪಾಳಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಮೂವತ್ತೈದು ದಾಟಿದವರು ಶುಶ್ರೂಷೆಯಿಂದ ದೂರ ಉಳಿದಿಲ್ಲ, ತರಬೇತಿಯಿಂದ ಮಾತ್ರ ದೂರ ಉಳಿದಿದ್ದಾರೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಈ ಏರ್ಪಾಟಿನಿಂದ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕೆ? ಓದಿಸಿ ರಿಜಿಸ್ಟರ್ ಮಾಡಿಸಿದರೆ ಪೂರ್ತಿ ಸಂಬಳ ಕೇಳುತ್ತಾಳೆ.

ವೈದ್ಯಕೀಯದ ಕಡೆ ನೋಡಿ. ನೀಟ್ ಬರೆಯಲು ಸಾಮಾನ್ಯ ವರ್ಗದವರಿಗೆ 25, ಮೀಸಲಾತಿಯವರಿಗೆ 30 ಎಂದಿದ್ದ ವಯಸ್ಸಿನ ಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಮಾರ್ಚಿನಲ್ಲಿ ತೆಗೆದೇಹಾಕಿತು. ಇವತ್ತು ನಲವತ್ತರಲ್ಲಿ ಎಂ.ಬಿ.ಬಿ.ಎಸ್. ಸೇರಬಹುದು. ಅದೇ ಆಸ್ಪತ್ರೆಯ ಅದೇ ವಾರ್ಡಿನಲ್ಲಿ ನರ್ಸಾಗಲು ಮೂವತ್ತಾರಕ್ಕೇ ಮುದಿತನ! ಮದುವೆಯಾದವರೂ ಅರ್ಜಿ ಹಾಕಬಹುದು ಎಂದು ನರ್ಸಿಂಗ್ ನಿಯಮಾವಳಿಯಲ್ಲಿ ಔದಾರ್ಯದ ಸಾಲೊಂದಿದೆ. ಮದುವೆಯ ನಂತರ ಎರಡು ಹೆರಿಗೆ, ಅತ್ತೆಯ ಆರೈಕೆ, ಮಕ್ಕಳು ಹೈಸ್ಕೂಲು ಮುಟ್ಟುವುದು, ಇಷ್ಟಾಗುವ ಹೊತ್ತಿಗೆ ಹೆಂಗಸಿನ ವಯಸ್ಸೆಷ್ಟು ಎಂದು ಆ ಸಾಲು ಬರೆದವರು ಒಮ್ಮೆ ಕೂಡಿಸಿ ನೋಡಿದ್ದರೆ ಚೆನ್ನಾಗಿತ್ತು.

ತಡವಾಗಿ ಓದಿದವರು ಎಷ್ಟು ವರ್ಷ ಸೇವೆ ಮಾಡಿಯಾರು ಎಂಬ ಆಕ್ಷೇಪ ಕೇಳಿದ್ದೇನೆ. ಮೂವತ್ತೆಂಟಕ್ಕೆ ಸೇರಿದರೆ ನಲವತ್ತೊಂದಕ್ಕೆ ಕೋರ್ಸು ಮುಗಿಯುತ್ತದೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಹತ್ತೊಂಬತ್ತು ವರ್ಷ ಕಡಿಮೆಯೇ? ಇಪ್ಪತ್ತೊಂದಕ್ಕೆ ಕೋರ್ಸು ಮುಗಿಸಿ ಎರಡೇ ವರ್ಷದಲ್ಲಿ ಗಲ್ಫಿಗೋ ಲಂಡನ್ನಿಗೋ ಹಾರುವ ನನ್ನ ವಿದ್ಯಾರ್ಥಿನಿಯರಿಗೆ ಈ ಲೆಕ್ಕವನ್ನು ಯಾರೂ ಹಾಕಲಿಲ್ಲ, ಹಾಕಲೂಬಾರದು.

ಈ ವಯಸ್ಸಿಗೆ ಓದು ಒಗ್ಗುವುದಿಲ್ಲ ಎನ್ನುವ ಮಾತಿನಲ್ಲಿ ಸ್ವಲ್ಪ ಹುರುಳಿದೆ. ನನ್ನ ತರಗತಿಯಲ್ಲಿ ಮೂವತ್ತು ದಾಟಿದ ಇಬ್ಬರಿದ್ದರು. ಮೊದಲ ಆರು ತಿಂಗಳು ಅಂಗರಚನಾಶಾಸ್ತ್ರದ ಇಂಗ್ಲಿಷ್ ಹೆಸರುಗಳ ಮುಂದೆ ಅಳುವುದೊಂದು ಬಾಕಿ. ಆದರೆ ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ತಿರುಗಿಸಿ ಬೆನ್ನು ಒರೆಸುವಾಗ ಹದಿನೆಂಟರ ಹುಡುಗಿಯರು ಮುಖ ತಿರುಗಿಸುತ್ತಿದ್ದರೆ, ಈ ಇಬ್ಬರು ಮಾತಾಡಿಸುತ್ತಲೇ ಕೆಲಸ ಮುಗಿಸುತ್ತಿದ್ದರು. ಮನೆಯಲ್ಲಿ ಮಾಡಿದ್ದ ಕೈ ಅದು. ಅವರಿಗೆಂದು ಪಠ್ಯ ತೆಳುವಾಗಬೇಕಿಲ್ಲ, ಪ್ರಾಯೋಗಿಕ ತರಬೇತಿಯ ಹಾಜರಾತಿ ಪೂರ್ತಿ ಇರಬೇಕೆಂಬ ನಿಯಮವೂ ಸಡಿಲವಾಗಬೇಕಿಲ್ಲ. ಇಂಜೆಕ್ಷನ್ ತಪ್ಪಿದರೆ ರೋಗಿ ವಯಸ್ಸು ನೋಡಿ ಕ್ಷಮಿಸುವುದಿಲ್ಲ.

ದುಡಿಯುತ್ತಲೇ ಓದುವುದು ನಮ್ಮ ದೇಶಕ್ಕೆ ಹೊಸತೂ ಅಲ್ಲ. ಕೆಲಸದಲ್ಲಿರುವ ಜಿ.ಎನ್.ಎಂ. ನರ್ಸುಗಳು ಮೂರು ವರ್ಷದಲ್ಲಿ ಪದವಿ ಪಡೆಯುವ ಪೋಸ್ಟ್ ಬೇಸಿಕ್ ಕೋರ್ಸನ್ನು ಇಗ್ನೋ ಮುಕ್ತ ವಿಶ್ವವಿದ್ಯಾಲಯ ಹಿಂದೆಯೇ ರೂಪಿಸಿತ್ತು. ಅಲ್ಲಿ ಅನುಭವವೇ ಅರ್ಹತೆ. ಮೊದಲ ಮೆಟ್ಟಿಲಲ್ಲಿ ಮಾತ್ರ ಅದೇ ಅನುಭವ ಅಪರಾಧವಾಗುತ್ತದೆ.

ಪ್ರತಿ ಮೇ 12ರಂದು ನರ್ಸಿಂಗ್ ಶಾಲೆಗಳಲ್ಲಿ ದೀಪ ಹಿಡಿದು ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ಪ್ರತಿಜ್ಞೆ ಮಾಡಿಸುತ್ತೇವೆ. ಮನೆಯವರ ವಿರೋಧ ದಾಟಿ ಆಕೆ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ತರಬೇತಿ ಪಡೆದದ್ದು 1851ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ. ಮನೆಯವರು ಇನ್ನೈದು ವರ್ಷ ತಡೆದಿದ್ದರೆ ನಮ್ಮ ಕೌಂಟರಿನಲ್ಲಿ ಆಕೆಯ ಕವರೂ ಹಿಂದಕ್ಕೆ ಸರಿಯುತ್ತಿತ್ತು.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಹೊಸ ಆಯೋಗ ಹಳೆಯ 35ನ್ನು ಹಾಗೆಯೇ ನಕಲು ಮಾಡಬಾರದು. ರಾಜ್ಯವೂ ದೆಹಲಿಯತ್ತ ಕೈ ತೋರಿಸಿ ಕೂರುವಂತಿಲ್ಲ. ಯೂನಿಫಾರ್ಮು ತೊಡಿಸಿ ತರಬೇತಿಯಿಲ್ಲದವರಿಂದ ಇಂಜೆಕ್ಷನ್ ಕೊಡಿಸುವ ನರ್ಸಿಂಗ್ ಹೋಮುಗಳ ಹಾಜರಿ ಪುಸ್ತಕ ತೆರೆಸಲಿ. ಇನ್ನು, ಸೇರಿಸಿಕೊಂಡ ಮೇಲೂ ಇವರನ್ನು ಮಕ್ಕಳಂತೆ ಕಾಯುವ ನರ್ಸಿಂಗ್ ಶಾಲೆಯ ಹಾಸ್ಟೆಲಿನ ಗೇಟು: ಸಂಜೆ ಆರೂವರೆಗೆ ಬೀಗ, ಹೊರಹೋಗಲು ಪೋಷಕರ ಸಹಿ. ಮೂವತ್ತು ದಾಟಿದ ನನ್ನ ವಿದ್ಯಾರ್ಥಿನಿಯೊಬ್ಬಳು ಮಗನ ಪರೀಕ್ಷೆಗೆಂದು ಮನೆಗೆ ಹೋಗಲು ಗಂಡನ ಪತ್ರ ತಂದು ವಾರ್ಡನ್ ಎದುರು ನಿಂತಿದ್ದಳು. ಆ ಬೀಗ ತೆಗೆಯಲು ಪ್ರಿನ್ಸಿಪಾಲರ ಒಂದು ಸಹಿ ಸಾಕು.