ಇದ್ದಲ ಬೆಂಕಿಯ ಬಳಿಯಲ್ಲಿ

ಶಿಕ್ಷೆಯೆಂಬ ಶಬ್ದವನ್ನು ಕೇಳಿದೊಡನೆ ನಮ್ಮ ಮನೆಗಳ ಮಕ್ಕಳು ಬೆತ್ತವನ್ನು ನೆನಸುತ್ತಾರೆ. ಸಂಸ್ಕೃತದಲ್ಲಾದರೋ ಅದಕ್ಕೆ ಕಲಿಸುವಿಕೆಯೆಂದೇ ಅರ್ಥ. ಶಿಕ್ಷಣ, ಶಿಕ್ಷಕ ಎಂಬ ಮಾತುಗಳೂ ಅದೇ ಮೂಲದಿಂದ ಬಂದವು. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ದೇವರ ಶಿಕ್ಷೆಯನ್ನು ಕುರಿತು ಬಳಸಿರುವ ಗ್ರೀಕ್ ಪದವೂ ಮಗುವನ್ನು ತಿದ್ದಿ ಬೆಳೆಸುವುದನ್ನೇ ಸೂಚಿಸುತ್ತದೆ.

ಅದು ಹೇಗೆಂಬುದು ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ ಕಾಣುತ್ತದೆ. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಆ ರಾತ್ರಿ, ತಾನು ಯೇಸುವಿನ ಶಿಷ್ಯನಲ್ಲವೆಂದು ಪೇತ್ರನು ಬೊಂಕಿದ್ದನು. ಪುನರುತ್ಥಾನವಾದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಕರ್ತನು ಶಿಷ್ಯರಿಗಾಗಿ ಬೆಳಗಿನ ಊಟವನ್ನು ಸಿದ್ಧಮಾಡಿಕೊಂಡು ಕಾದಿದ್ದನು. ಅಲ್ಲಿಯೂ ಇದ್ದಲ ಬೆಂಕಿಯೇ. ಹೊಸ ಒಡಂಬಡಿಕೆಯ ಮೂಲದಲ್ಲಿ ಆ ಪದವು ಬರುವುದು ಈ ಎರಡೇ ಕಡೆಗಳಲ್ಲಿ. ಕೆಂಡವನ್ನು ಕಂಡ ಪೇತ್ರನ ಎದೆಯಲ್ಲಿ ಏನಾಯಿತೆಂದು ಬರೆದಿಲ್ಲ, ವಾಚಕರು ಊಹಿಸಿಕೊಳ್ಳಬಹುದು.

ಮೊದಲು ಊಟವಾಯಿತು. ಹಸಿದವನನ್ನು ನಿಲ್ಲಿಸಿಕೊಂಡು ವಿಚಾರಣೆ ನಡೆಯಲಿಲ್ಲ. ರೊಟ್ಟಿಯನ್ನೂ ಮೀನನ್ನೂ ಬಡಿಸಿದಾತನೇ ಆಮೇಲೆ, ನನ್ನನ್ನು ಪ್ರೀತಿಸುವೆಯೋ ಎಂದು ಮೂರಾವರ್ತಿ ಕೇಳಿದನು. ಕರೆದದ್ದು ತಾನಿಟ್ಟ ಪೇತ್ರನೆಂಬ ಹೆಸರಿನಿಂದಲ್ಲ, ಯೋಹಾನನ ಮಗನಾದ ಸೀಮೋನನೆಂಬ ಹಳೆಯ ಹೆಸರಿನಿಂದ. ಮೂರನೆಯ ಸಾರಿ ಪೇತ್ರನು ನೊಂದುಕೊಂಡನು. ಆ ನೋವನ್ನು ಕರ್ತನು ತಪ್ಪಿಸಬಹುದಾಗಿತ್ತು, ತಪ್ಪಿಸಲಿಲ್ಲ. ಗಾಯವನ್ನು ತೊಳೆಯದೆ ಬಟ್ಟೆ ಕಟ್ಟುವ ವೈದ್ಯನನ್ನು ಯಾರು ಮೆಚ್ಚುವರು? ಆದರೆ ಪ್ರತಿಯೊಂದು ಉತ್ತರ ಬಂದಾಗಲೂ ತನ್ನ ಕುರಿಗಳನ್ನು ಅವನ ವಶಕ್ಕೆ ಒಪ್ಪಿಸಿದನು. ನಾವಾಗಿದ್ದರೆ ಕ್ಷಮಿಸಿದೆವೆಂದು ಬಾಯಲ್ಲಿ ಹೇಳಿ, ಪೆಟ್ಟಿಗೆಯ ಬೀಗದ ಕೈಯನ್ನು ಮಾತ್ರ ಮರಳಿ ಕೊಡುತ್ತಿರಲಿಲ್ಲ.

ಹಣ ಕದ್ದ ಮಗನನ್ನು ನಾವು ನಡಿಸಿಕೊಳ್ಳುವ ರೀತಿಯನ್ನು ನೋಡಿರಿ. ಕೆಲವರು ನೆಂಟರಿಷ್ಟರ ಮುಂದೆ ವರುಷಗಟ್ಟಲೆ ಅದನ್ನೇ ಎತ್ತಿಯಾಡುತ್ತಾರೆ. ಬೇರೆ ಕೆಲವರು ತಾಯಿಯ ಕಣ್ಣೀರಿಗೆ ಸೋತು ಆ ಮಾತನ್ನೇ ತೆಗೆಯುವುದಿಲ್ಲ. ಇದನ್ನು ಕ್ಷಮೆಯೆಂದು ತಿಳಿಯುವುದೂ ಉಂಟು. ಮೊದಲನೆಯ ಮನೆಯ ಮಗನು ಊರು ಬಿಟ್ಟು ಹೋಗುತ್ತಾನೆ. ಎರಡನೆಯವನು ದಿನವೂ ತಂದೆಯ ಪಕ್ಕದಲ್ಲಿ ಉಣ್ಣುತ್ತಿದ್ದರೂ ಅವನ ಮುಖವನ್ನು ನೋಡಲಾರನು. ಒಂದು ಸಾರಿ ಏಕಾಂತದಲ್ಲಿ ಕೇಳಿ ಅಳಿಸಿ, ಮರುದಿನ ಅವನ ಕೈಯಲ್ಲೇ ದುಡ್ಡು ಕೊಟ್ಟು ಅಂಗಡಿಗೆ ಕಳುಹಿಸುವ ತಂದೆಗಳು ವಿರಳ.

ಪೇತ್ರನೂ ಆ ಬೆಳಿಗ್ಗೆಯೇ ಪೂರ್ಣನಾದವನಲ್ಲ. ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ, ಅನ್ಯಜನರ ಸಂಗಡ ಉಣ್ಣುವುದನ್ನು ಬಿಟ್ಟನು. ಪೌಲನು ಎಲ್ಲರ ಮುಂದೆಯೇ ಅವನ ತಪ್ಪನ್ನು ತೋರಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿದೆ. ಹಾಗಿದ್ದರೂ ಒಪ್ಪಿಸಿದ ಕುರಿಗಳನ್ನು ಕರ್ತನು ಅವನಿಂದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.