ಗೊಂಡೆ ಹೂ, ಬಿಸಿಲು ಮತ್ತು ವೈರಸ್

ಗೊಂಡೆ ಹೂ ನಮ್ಮ ಅಂಗಳಕ್ಕೂ ಮೊಂತಿ ಹಬ್ಬಕ್ಕೂ ಬೇಕಾದ ಹೂ. ತರಕಾರಿ ಸಾಲುಗಳ ನಡುವೆ ಇದನ್ನು ನೆಟ್ಟರೆ ಬೇರುಗಂಟು ಜಂತುಹುಳದ ಕಾಟ ಕಡಿಮೆಯಾಗುತ್ತದೆಂದು ನಮ್ಮ ರೈತರು ಬಲ್ಲರು. ಬೇರಿನಲ್ಲಿರುವ ಆಲ್ಫಾ-ಟರ್ಥೈನೈಲ್ ಎಂಬ ವಸ್ತು ಇದಕ್ಕೊಂದು ಮುಖ್ಯ ಕಾರಣ.

1980ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಜೇಮ್ಸ್ ಹಡ್ಸನ್, ನೀಲ್ ಟವರ್ಸ್ ಮತ್ತು ಸಂಗಡಿಗರು ಇದೇ ವಸ್ತುವನ್ನು ವೈರಸ್‌ಗಳ ಮೇಲೆ ಪರೀಕ್ಷಿಸಿದರು. ಬಿಸಿಲಿನಲ್ಲಿರುವ ನೇರಳಾತೀತ ಬೆಳಕು ತಾಗಿದಾಗ ಅದು ಸುತ್ತಲಿನ ಆಮ್ಲಜನಕವನ್ನು ತೀಕ್ಷ್ಣಗೊಳಿಸುತ್ತದೆ. ಆ ಆಮ್ಲಜನಕವು ವೈರಸ್‌ನ ಹೊರಗಿನ ಕೊಬ್ಬಿನ ಪೊರೆಯನ್ನು ಕೆಡಿಸುತ್ತದೆ. ಪೊರೆಯಿಲ್ಲದ ವೈರಸ್‌ಗಳ ಮೇಲೆ ಇದರ ಪರಿಣಾಮ ಕಡಿಮೆ.

ಇಷ್ಟು ಕೇಳಿದ ಕೂಡಲೇ, ‘ಹಾಗಾದರೆ ಕಷಾಯ ಮಾಡಿ ಕುಡಿದರಾಯಿತು’ ಎನ್ನುವವರಿದ್ದಾರೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ರಯೋಗಶಾಲೆಯ ಗಾಜಿನ ತಟ್ಟೆಗೆ ಬೆಳಕು ಬೀಳುತ್ತದೆ. ನಮ್ಮ ಪಿತ್ತಕೋಶಕ್ಕೆ, ಶ್ವಾಸಕೋಶಕ್ಕೆ ಬೀಳುವುದಿಲ್ಲ.

ಯುರೋಪಿನ ಹೈಪರಿಕಂ ಗಿಡದ ಕಥೆ ನಮಗೆ ಪಾಠವಾಗಲಿ. ಅದರಲ್ಲಿರುವ ಹೈಪರಿಸಿನ್ ಸಹ ಬೆಳಕಿನಿಂದ ಚುರುಕಾಗುವ ವಸ್ತು. ಏಡ್ಸ್ ವೈರಸ್‌ನ ಗುಂಪಿಗೆ ಸೇರಿದ ವೈರಸ್‌ಗಳನ್ನು ಅದು ಇಲಿಗಳಲ್ಲಿ ತಡೆಯುತ್ತದೆಂದು 1988ರಲ್ಲಿ ವರದಿಯಾದಾಗ ದೊಡ್ಡ ಆಸೆ ಹುಟ್ಟಿತು. ಆದರೆ 30 ಮಂದಿ ಎಚ್‌ಐವಿ ಸೋಂಕಿತರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವೈರಸ್ ತಗ್ಗಲಿಲ್ಲ. ಬೆಳಕು ತಾಗಿ ಹಲವರ ಚರ್ಮ ಮಾತ್ರ ತೀವ್ರವಾಗಿ ಉರಿಯಿತು. ಆ ಗಿಡ ಮೇಯ್ದ ದನ, ಕುರಿಗಳಿಗೂ ಬಿಸಿಲಲ್ಲಿ ಹುಣ್ಣಾಗುವುದುಂಟು. ಅಷ್ಟೇ ಅಲ್ಲ, ಆ ಮೂಲಿಕೆ ಸೇವಿಸಿದರೆ ಇಂಡಿನಾವಿರ್ ಎಂಬ ಏಡ್ಸ್ ಔಷಧಿಯ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆಂದು 2000ದಲ್ಲಿ ತಿಳಿದುಬಂತು.

ಹಾಗೆಂದು ಈ ಸಂಶೋಧನೆ ವ್ಯರ್ಥವಲ್ಲ. ಸೋರಲೆನ್ ಜಾತಿಯ ವಸ್ತು ಬೆರೆಸಿ, ನೇರಳಾತೀತ ಬೆಳಕು ಹಾಯಿಸಿ, ದಾನಿಗಳಿಂದ ಪಡೆದ ಪ್ಲೇಟ್‌ಲೆಟ್‌ಗಳಲ್ಲಿರಬಹುದಾದ ವೈರಸ್‌ಗಳನ್ನು ನಿಷ್ಕ್ರಿಯಗೊಳಿಸುವ ಕ್ರಮ ಹಲವು ದೇಶಗಳಲ್ಲಿದೆ. ಅಲ್ಲಿ ಬೆಳಕು ಬೀಳುವುದು ಚೀಲದ ಮೇಲೆ, ರೋಗಿಯ ಮೇಲಲ್ಲ.

ನಮ್ಮ ಮನೆಗಳಲ್ಲಿ ಸರ್ಪಸುತ್ತು ಕಂಡರೆ ಮೊದಲು ಸೊಪ್ಪು ಅರೆದು ಹಚ್ಚುತ್ತೇವೆ. ವೈರಸ್ ವಿರೋಧಿ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ; ಸೊಪ್ಪು ಹಚ್ಚಿ ಮೂರು ದಿನ ಕಾದರೆ ಆ ಸಮಯ ಕೈತಪ್ಪುತ್ತದೆ. ನಿಂಬೆರಸ ತಾಗಿದ ಚರ್ಮವೂ ಬಿಸಿಲಿಗೆ ಸುಟ್ಟಂತಾಗಬಹುದು ಎಂಬುದನ್ನು ಮರೆಯಬಾರದು.

ನಾಟಿ ಮದ್ದನ್ನು ನಾವು ತುಚ್ಛವೆನ್ನುವುದಿಲ್ಲ. ಆದರೆ ಏನು ಸೇವಿಸುತ್ತಿದ್ದೇವೆಂದು ಡಾಕ್ಟರರಿಗೆ ಮುಚ್ಚಿಡದೆ ಹೇಳೋಣ. ಸಿರಾಖ ಗ್ರಂಥದ 38ನೇ ಅಧ್ಯಾಯವು ಭೂಮಿಯ ಮದ್ದನ್ನೂ ವೈದ್ಯನನ್ನೂ ಜೊತೆಯಾಗಿಯೇ ಗೌರವಿಸುತ್ತದೆ. ಗೊಂಡೆ ಹೂ ತರಕಾರಿ ಸಾಲಿನಲ್ಲಿರಲಿ, ಪೀಠದ ಮುಂದಿರಲಿ. ರೋಗಿ ಮಾತ್ರ ತಡಮಾಡದೆ ಆಸ್ಪತ್ರೆ ಸೇರಲಿ.